ಮುಕ್ಕಾಲಮ್ಮನ ಉಸಿರಿನ ಅಳತೆ

ಫೆಬ್ರವರಿ 9, ಭಾನುವಾರ

ಪ್ರೀತಿಯ ಮಗನಿಗೆ, ಅಪ್ಪನ ಆಶೀರ್ವಾದ.

ನಿನ್ನ ಎರಡು ಕಾಗದಗಳಿಗೂ ಸೇರಿಸಿ ಇದೊಂದೇ ಉತ್ತರ. ತಡವಾಯಿತೆಂದು ಬೇಸರಪಡಬೇಡ. ಫೋನಿನಲ್ಲಿ ಮಾತಾಡಿದೆವಲ್ಲ ಎನ್ನುತ್ತೀಯೇನೋ. ನಿನ್ನ ಹಡಗು ಬಂದರಿನಲ್ಲಿ ನಿಂತಾಗ ಬರುವ ಆ ಐದು ನಿಮಿಷದ ಫೋನಿನಲ್ಲಿ ನೀನು ‘ಹೇಗಿದೆ ಅಪ್ಪಾ’ ಅನ್ನುತ್ತೀ, ನಾನು ‘ಚೆನ್ನಾಗಿದೆ’ ಅನ್ನುತ್ತೇನೆ, ಅಷ್ಟರಲ್ಲಿ ಲೈನ್ ಕಟ್ಟಾಗುತ್ತದೆ. ಮೂವತ್ನಾಲ್ಕು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ಅಂಗಡಿ ಅಂಗಡಿ ಸುತ್ತಿ ತಕ್ಕಡಿ ನೋಡಿದವನು ನಾನು. ‘ಚೆನ್ನಾಗಿದೆ’ ಎಂಬುದು ಅಳತೆಯೇ ಅಲ್ಲ. ಆದ್ದರಿಂದ ಇವತ್ತು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಸರಿಯಾಗಿ ಬರೆಯಲು ಕೂತಿದ್ದೇನೆ.

ಮೊದಲು ಅಂಕಿಗಳು. ನಿನ್ನ ಮಗಳಿಗೆ ಇವತ್ತಿಗೆ ಎಂಬತ್ತಮೂರು ದಿನ. ಹುಟ್ಟಿದಾಗ ಏಳುನೂರ ಎಂಬತ್ತು ಗ್ರಾಂ ಇದ್ದವಳು ಈಗ ಎರಡು ಕಿಲೋ ನೂರ ಹತ್ತು. ಹುಟ್ಟಬೇಕಾಗಿದ್ದ ದಿನಕ್ಕೆ ಇನ್ನೂ ಎರಡು ವಾರ ಬಾಕಿ ಇದೆ ಎಂದು ನೆನೆದರೆ ನಗು ಬರುತ್ತದೆ. ಇನ್ನೂ ಬರಬೇಕಾದವಳು ಬಂದು ಮೂರು ತಿಂಗಳಾಗುತ್ತ ಬಂತು. ವಾರ್ಡಿನ ನರ್ಸುಗಳು ಅವಳನ್ನು ‘ಮುಕ್ಕಾಲಮ್ಮ’ ಅನ್ನುತ್ತಾರೆ, ಮುಕ್ಕಾಲು ಕಿಲೋ ಇದ್ದಳಲ್ಲ, ಅದಕ್ಕೆ. ಮೂವತ್ತು ಗ್ರಾಂ ಹೆಚ್ಚೇ ಇದ್ದಳು ಎಂದು ನಾನು ತಿದ್ದಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹೆಸರು ನೀನು ಬಂದ ಮೇಲೇ ಇಡುವುದು ಎಂದು ನಿನ್ನ ಹೆಂಡತಿ ಹಟ ಹಿಡಿದಿದ್ದಾಳೆ, ಹಾಗಾಗಿ ಸದ್ಯಕ್ಕೆ ಮುಕ್ಕಾಲಮ್ಮನೇ.

ಈಗ ಚೆನ್ನಾಗಿಲ್ಲದ ಸಂಗತಿ. ಮೊದಲ ಮೂವತ್ತೊಂದು ದಿನ ಗಂಟಲೊಳಗೆ ನಳಿಗೆ ಇಟ್ಟು ಯಂತ್ರದಿಂದ ಉಸಿರಾಡಿಸಿದರಲ್ಲ, ಅದನ್ನು ತೆಗೆದ ಮೇಲೆ ಮೂಗಿಗೆ ಮಾಸ್ಕ್ ಕಟ್ಟಿದರು. ಉಸಿರು ಮಗುವಿನದೇ, ಆದರೆ ಮಾಸ್ಕಿನಿಂದ ಗಾಳಿಯ ಒತ್ತಡ ಬರುತ್ತಿರುತ್ತದೆ, ಶ್ವಾಸಕೋಶ ಮುದುಡಿಕೊಳ್ಳದ ಹಾಗೆ. ಆ ಮಾಸ್ಕ್ ಬಿಡಿಸಲು ಇದುವರೆಗೆ ಮೂರು ಸಲ ನೋಡಿದ್ದಾರೆ. ಮಾಸ್ಕ್ ತೆಗೆದು ಮೂಗಿನ ಕೆಳಗೆ ಸಣ್ಣ ಆಕ್ಸಿಜನ್ ನಳಿಗೆ ಮಾತ್ರ ಇಟ್ಟು ನೋಡುತ್ತಾರೆ. ಮೂರು ಸಲವೂ ಏದುಸಿರು ಹತ್ತಿ, ಪಕ್ಕೆ ಒಳಗೆ ಸೆಳೆದು, ಎರಡು ಗಂಟೆಯೊಳಗೆ ಮಾಸ್ಕ್ ವಾಪಸ್. ಮೂರನೆಯದು ಕಳೆದ ಬುಧವಾರ. ಅವತ್ತು ನಿನ್ನ ಹೆಂಡತಿ ಮನೆಗೆ ಬಂದು ಚಪ್ಪಲಿ ಬಿಡದೆ ಕುರ್ಚಿಯಲ್ಲಿ ಕೂತವಳು ಒಂದು ಗಂಟೆ ಮೇಲಕ್ಕೇಳಲಿಲ್ಲ.

ಡಾಕ್ಟರು ನಮ್ಮಿಬ್ಬರನ್ನೂ ಕರೆದು ಹೇಳಿದರು. ಅವರು ಒಳ್ಳೆಯ ಮನುಷ್ಯ, ಆದರೆ ಮಾತಾಡುವಾಗ ಪೆನ್ನಿನ ಕ್ಯಾಪನ್ನು ತೆಗೆದು ಹಾಕಿ ಮಾಡುತ್ತಿರುತ್ತಾರೆ, ಕೇಳುವವರಿಗೆ ಜೀವ ಹೋಗಿ ಬರುತ್ತದೆ. “ಶ್ವಾಸಕೋಶ ಬಲಿಯೋಕೆ ಮುಂಚೆ ಹುಟ್ಟಿದ ಮಗು. ಬದುಕಿಸೋಕೆ ಅಂತ ಹಾಕಿದ ಯಂತ್ರ, ಆಕ್ಸಿಜನ್, ಇವೇ ಅದನ್ನ ಸ್ವಲ್ಪ ಒರಟು ಮಾಡಿವೆ. ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಅಂತ ಇದಕ್ಕೆ ಹೆಸರು. ಬೆಳೀತಾ ಬೆಳೀತಾ ಸರಿಹೋಗುತ್ತೆ, ಆದರೆ ಬೆಳೆಯೋವರೆಗೆ ಆಸರೆ ಬೇಕು,” ಎಂದರು. ಮತ್ತೊಂದೆರಡು ಸಲ ಹೀಗೇ ಆದರೆ ಕತ್ತಿನಲ್ಲಿ ರಂಧ್ರ ಮಾಡಿ ನಳಿಗೆ ಕೂರಿಸುವ ವಿಚಾರ ಮಾತಾಡಬೇಕಾಗಬಹುದು ಎಂದೂ ಹೇಳಿದರು. ಆಗ ಕ್ಯಾಪು ಆಡಿಸುವುದನ್ನು ನಿಲ್ಲಿಸಿದರು. ಅದೇ ಹೆಚ್ಚು ಹೆದರಿಕೆಯಾಯಿತು.

ಮಾರನೆಯ ದಿನ ಒಬ್ಬ ಹೆಂಗಸು ನಮ್ಮನ್ನು ಹುಡುಕಿಕೊಂಡು ಬಂದಳು. ಊಟದ ಡಬ್ಬಿಯಷ್ಟು ದೊಡ್ಡ ಒಂದು ಪೆಟ್ಟಿಗೆ, ಅದರಿಂದ ಮೂರು ವೈರು. ಅಕಾಲದಲ್ಲಿ ಹುಟ್ಟಿದ ಮಕ್ಕಳ ಉಸಿರಾಟದ ಸ್ನಾಯು ಎಷ್ಟು ದುಡಿಯುತ್ತಿದೆ ಎಂದು ಅಳೆಯುವ ಅಧ್ಯಯನವೊಂದು ಆ ಆಸ್ಪತ್ರೆಯಲ್ಲಿ ನಡೆಯುತ್ತಿದೆಯಂತೆ, ಅದರ ಟೆಕ್ನಿಷಿಯನ್ ಇವಳು. ನಾನು ಅವಳಿಗೆ ಮನಸ್ಸಿನಲ್ಲೇ ‘ತಂತಿ ಮೇಡಂ’ ಎಂದು ಹೆಸರಿಟ್ಟೆ. ಮಗುವಿನ ಎದೆಗೂ ಹೊಟ್ಟೆಗೂ ನಡುವೆ ಹಾಸಿದಂತೆ ಒಂದು ಸ್ನಾಯು ಇರುತ್ತದೆ, ವಪೆ ಅನ್ನುತ್ತಾರಂತೆ; ಉಸಿರೆಳೆಯುವ ಕೆಲಸದ ಬಹುಪಾಲು ಅದರದ್ದೇ. ಯಾವ ಸ್ನಾಯು ಕೆಲಸ ಮಾಡಿದರೂ ಅದರಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಎದೆಯ ಮೇಲೆ ಒಂದು, ಪಕ್ಕೆಲುಬು ಮುಗಿಯುವಲ್ಲಿ ಎರಡೂ ಕಡೆ ಒಂದೊಂದು ಸ್ಟಿಕ್ಕರ್ ಅಂಟಿಸಿ ಅದನ್ನು ಹಿಡಿಯುವುದು.

ನಾನು ಸುಮ್ಮನಿರುತ್ತೇನೆಯೇ. ಮೊದಲೇ ಕೇಳಿದೆ, “ನೀವು ಕರೆಂಟು ಒಳಗೆ ಬಿಡ್ತೀರಾ?”

“ಇಲ್ಲ ಸಾರ್. ಒಳಗಿಂದ ಬರೋದನ್ನ ಕೇಳಿಸ್ಕೋತೀವಿ, ಅಷ್ಟೆ. ಸೂಜಿ ಇಲ್ಲ, ಔಷಧಿ ಇಲ್ಲ.”

“ನಿಮ್ಮ ಈ ಪೆಟ್ಟಿಗೆಗೆ ಮಾದರಿ ತೂಕ ಯಾವುದು? ಯಾವುದಕ್ಕೆ ಹೋಲಿಸಿ ಸರಿ ತಪ್ಪು ಅಂತೀರಿ?”

“ಮಾದರಿ ಇಲ್ಲ ಸಾರ್. ಚರ್ಮ, ಕೊಬ್ಬು, ಸ್ಟಿಕ್ಕರ್ ಕೂತ ಜಾಗ, ಎಲ್ಲದರ ಮೇಲೂ ಅಂಕಿ ಬದಲಾಗುತ್ತೆ. ಒಂದು ಮಗುವಿನ ಅಂಕಿಯನ್ನ ಇನ್ನೊಂದರ ಜೊತೆ ಇಟ್ಟು ನೋಡೋ ಹಾಗಿಲ್ಲ. ಈ ಮಗುವನ್ನ ಈ ಮಗುವಿಗೇ ಹೋಲಿಸ್ಬೇಕು. ಮಾಸ್ಕ್ ಇದ್ದಾಗ ಎಷ್ಟು, ತೆಗೆದ ಮೇಲೆ ಎಷ್ಟು. ಅದೂ ಸ್ಟಿಕ್ಕರ್ ಕದಲಬಾರದು, ಮಗು ಅಳಬಾರದು. ಅತ್ತರೆ ಆ ಹೊತ್ತಿನ ಲೆಕ್ಕ ಬಿಟ್ಟುಬಿಡ್ತೀನಿ.”

ನನ್ನ ಸರ್ವಿಸ್ಸಿನಲ್ಲಿ ಇಂಥ ತಕ್ಕಡಿ ಸಿಕ್ಕಿದ್ದರೆ ಜಪ್ತಿ ಮಾಡಿ ಸೀಲು ಹಾಕಿಸುತ್ತಿದ್ದೆ. ಆದರೆ ತನ್ನ ತಕ್ಕಡಿ ಏನನ್ನು ತೂಗುವುದಿಲ್ಲ ಎಂದು ತಾನಾಗಿ ಹೇಳಿದ ವ್ಯಾಪಾರಿಯನ್ನೂ ಅಲ್ಲಿಯವರೆಗೆ ಕಂಡಿರಲಿಲ್ಲ. ನಾನು ಇನ್ನೂ ತಲೆ ಕೆರೆದುಕೊಳ್ಳುತ್ತಿರುವಾಗಲೇ ನಿನ್ನ ಹೆಂಡತಿ ಒಪ್ಪಿಗೆಯ ಕಾಗದ ಎರಡು ಸಲ ಓದಿ ಪೆನ್ನು ಕೇಳಿದಳು. “ಡ್ರೈವಿಂಗ್ ಕಲಿಸ್ತಾ ಹನ್ನೊಂದು ವರ್ಷ ಆಯ್ತು ಮಾವ,” ಎಂದಳು. “ಕಲಿಯೋರು ಹೆದರಿದಾಗೆಲ್ಲ ನಾವು ಸ್ಟೇರಿಂಗ್ ಕಿತ್ಕೊಂಡ್ರೆ ಅವರು ಯಾವತ್ತೂ ಓಡಿಸೋಲ್ಲ. ಮೂರು ಸಲ ಕಿತ್ಕೊಂಡಿದೀವಿ. ಅದು ಸರೀನೋ ತಪ್ಪೋ ಅಂತಾದ್ರೂ ಗೊತ್ತಾಗಲಿ.”

ಬರುವ ಬುಧವಾರ ಅಳತೆ. ನಾಲ್ಕನೇ ಸಲ ಮಾಸ್ಕ್ ತೆಗೆಯುವುದೂ ಅವತ್ತೇ. ಇಷ್ಟು ಬರೆದು ನಿಲ್ಲಿಸುತ್ತೇನೆ. ಇಂಜಿನ್ ರೂಮಿನಲ್ಲಿ ಕಿವಿಗೆ ಹತ್ತಿ ಇಟ್ಟುಕೊಳ್ಳುವುದನ್ನು ಮರೆಯಬೇಡ. ನಿನಗೆ ಒಳ್ಳೆಯದಾಗಲಿ.

ನಿನ್ನ ಅಪ್ಪ


ಫೆಬ್ರವರಿ 21, ಶುಕ್ರವಾರ

ಪ್ರೀತಿಯ ಮಗನಿಗೆ, ಅಪ್ಪನ ಆಶೀರ್ವಾದ, ನಿನ್ನ ಮಗಳ ಪಾಲಿನದೂ ಸೇರಿಸಿ ಎರಡು.

ಬುಧವಾರದ ವಿಷಯ ಗುರುವಾರವೇ ಬರೆಯಬೇಕಿತ್ತು. ಬೇಕೆಂದೇ ಬರೆಯಲಿಲ್ಲ. ಇವತ್ತು ಬರೆದು ನಾಳೆ ಕೆಟ್ಟರೆ, ನಿನ್ನ ಕೈಗೆ ಕಾಗದ ಸೇರುವ ಹೊತ್ತಿಗೆ ನೀನು ಸುಳ್ಳು ಸಂತೋಷ ಪಡುತ್ತಿರುತ್ತೀ. ಒಂಬತ್ತು ದಿನ ಕಾದೆ. ಈಗ ಬರೆಯುತ್ತೇನೆ: ಮಾಸ್ಕ್ ಹೋಯಿತು. ಮತ್ತೆ ಹಾಕಿಲ್ಲ. ಒಮ್ಮೆ ನೀರು ಕುಡಿದು ಬಾ, ಆಮೇಲೆ ಮುಂದೆ ಓದು.

ಮಂಗಳವಾರ ಸಂಜೆಯೇ ನಿನ್ನ ಹೆಂಡತಿಗೆ ಮೂಗು ಸೋರಲು ಶುರುವಾಯಿತು. ಬುಧವಾರ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ನರ್ಸು ಜ್ವರ ನೋಡಿ, “ನೀವು ಒಳಗೆ ಬರೋ ಹಾಗಿಲ್ಲ, ಮನೇಗೆ ಹೋಗಿ ಮಲಗಿ,” ಎಂದಳು. ನಿನ್ನ ಹೆಂಡತಿ ವಾದ ಮಾಡಲಿಲ್ಲ. ನನ್ನ ಕಡೆ ತಿರುಗಿ, “ಮಾವ, ನೀವು ಕೂತ್ಕೊಳ್ಳಿ. ಏನಾದ್ರೂ ಕೇಳಿದ್ರೆ ನನಗೆ ಫೋನ್ ಮಾಡಿಸಿ,” ಎಂದಷ್ಟೇ ಹೇಳಿ ಮೆಟ್ಟಿಲಿಳಿದಳು. ನಿನಗೆ ಗೊತ್ತಿಲ್ಲದ ಒಂದು ವಿಷಯವಿದೆ. ಅಲ್ಲಿಯವರೆಗೆ ನಾನು ಮುಕ್ಕಾಲಮ್ಮನನ್ನು ಒಂದು ಸಲವೂ ಮುಟ್ಟಿರಲಿಲ್ಲ. ದಿನಾ ಹೋಗುತ್ತಿದ್ದೆ, ಗಾಜಿನ ಪೆಟ್ಟಿಗೆಯ ಪಕ್ಕ ನಿಲ್ಲುತ್ತಿದ್ದೆ, ಚಾರ್ಟಿನಲ್ಲಿ ತೂಕ ಓದುತ್ತಿದ್ದೆ. ಮುಟ್ಟಿ ಎಂದರೆ ಒಂದು ದಿನ ಕೆಮ್ಮು, ಒಂದು ದಿನ ಕೈ ತಣ್ಣಗಿದೆ, ಇನ್ನೊಂದು ದಿನ ಬಸ್ಸಿನ ಕಂಬಿ ಹಿಡಿದು ಬಂದಿದ್ದೇನೆ.

ತಂತಿ ಮೇಡಂ ಒಂಬತ್ತಕ್ಕೆ ಸರಿಯಾಗಿ ಬಂದಳು. ಒದ್ದೆ ಹತ್ತಿಯಿಂದ ಮಗುವಿನ ಎದೆ ಒರೆಸಿ, ಉಗುರಿನಷ್ಟಗಲದ ಮೂರು ಸ್ಟಿಕ್ಕರ್ ಅಂಟಿಸಿದಳು. ಅಂಟಿಸುವ ಮೊದಲು ಪ್ರತಿಯೊಂದನ್ನೂ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದಳು. ಅದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಾರರು. ಪರದೆಯ ಮೇಲೆ ಗೆರೆ ಓಡತೊಡಗಿತು. ಪ್ರತಿ ಉಸಿರಿಗೂ ಒಂದು ಸಣ್ಣ ದಿಬ್ಬ. ಇಷ್ಟು ದಿನ ನಾನು ನೋಡಿದ್ದು ಉಸಿರಿನ ಎಣಿಕೆ, ನಿಮಿಷಕ್ಕೆ ಎಷ್ಟು ಎಂದು. ಒಂದೊಂದು ಉಸಿರಿಗೂ ಮಗು ಎಷ್ಟು ದುಡಿಯುತ್ತಿದೆ ಎಂಬುದನ್ನು ಅವತ್ತೇ ನೋಡಿದ್ದು. ಮಾಸ್ಕ್ ಇದ್ದಂತೆಯೇ ಒಂದು ಗಂಟೆ ಅಳೆದು, “ಇದನ್ನ ನೂರು ಅಂದ್ಕೊಳ್ಳಿ ಸಾರ್. ಇನ್ನು ಮುಂದಿನದೆಲ್ಲ ಈ ನೂರಕ್ಕೆ ಹೋಲಿಸಿ,” ಎಂದಳು.

ಹತ್ತಕ್ಕೆ ಮಾಸ್ಕ್ ತೆಗೆದರು. ನಿನ್ನ ಮಗಳ ಮುಖವನ್ನು ನಾನು ಪೂರ್ತಿಯಾಗಿ ಕಂಡದ್ದು ಆಗ. ಮೂಗಿನ ಮೇಲೆ, ಕೆನ್ನೆಯ ಮೇಲೆ ಪಟ್ಟಿಯ ಗುರುತು, ಬಿಗಿಯಾದ ಟೋಪಿ ಹಾಕಿ ತೆಗೆದರೆ ಹಣೆಯ ಮೇಲೆ ಬೀಳುತ್ತದಲ್ಲ ಹಾಗೆ. ಗಲ್ಲ ನಿನ್ನದು. ಅದರಲ್ಲಿ ಅನುಮಾನವಿಲ್ಲ.

ಪರದೆಯ ದಿಬ್ಬಗಳು ಎದ್ದೇ ಎದ್ದವು. ಅರ್ಧ ಗಂಟೆಗೆ ನೂರ ಅರವತ್ತು. ಪಕ್ಕೆ ಒಳಗೆ ಹೊರಗೆ ಆಡುತ್ತಿತ್ತು. ಅಷ್ಟರಲ್ಲಿ ಮಗು ಎಚ್ಚರಗೊಂಡು ಅಳತೊಡಗಿತು. ಅಳು ಅಂದರೆ ಆ ನಳಿಗೆಗಳೆಲ್ಲ ಹೋದ ಮೇಲೆ ಇನ್ನೂ ದನಿ ಸರಿಯಾಗಿ ಬಂದಿಲ್ಲ, ಬಾಗಿಲ ತಿರುಗುಣಿ ಕಿರುಗುಟ್ಟಿದ ಹಾಗೆ.

“ಅತ್ರೆ ನನಗೇನೂ ಸಿಗಲ್ಲ,” ಎಂದಳು ತಂತಿ ಮೇಡಂ. “ಎತ್ಕೊಳ್ಳಿ ಸಾರ್.”

“ನನ್ನ ಕೈ ತಣ್ಣಗಿದೆಯಮ್ಮ.”

“ನಲ್ಲೀಲಿ ಬಿಸಿ ನೀರು ಬರುತ್ತೆ. ತೊಳ್ಕೊಂಡು ಬನ್ನಿ.”

ಇನ್ನು ಯಾವ ನೆಪ ಹೇಳಲಿ? ತೊಳೆದುಕೊಂಡು ಬಂದೆ. ನರ್ಸು ನನ್ನನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಅಂಗಿಯ ಗುಂಡಿ ಬಿಚ್ಚಿಸಿ, ವೈರು ನಳಿಗೆ ಸಮೇತ ಅವಳನ್ನು ನನ್ನ ಎದೆಯ ಮೇಲೆ ಮಲಗಿಸಿ ಮೇಲೆ ಹೊದಿಕೆ ಹೊದಿಸಿದಳು. ನಾನು ಜೀವಮಾನದಲ್ಲಿ ಎಷ್ಟು ತಕ್ಕಡಿ ಪರೀಕ್ಷಿಸಿದ್ದೆನೋ. ನಾನೇ ಬೆಪ್ಪುತಕ್ಕಡಿಯಾಗಿ ಕೂತದ್ದು ಅವತ್ತೇ. ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಕಡೆಗೆ ಬೆನ್ನಿನ ಮೇಲೆ ಇಟ್ಟೆ. ಇಡೀ ಬೆನ್ನು ನನ್ನ ಅಂಗೈಗೆ ಸಾಲಲಿಲ್ಲ. ಅಭ್ಯಾಸಬಲ, “ಎರಡು ಕಿಲೋ ನೂರ ತೊಂಬತ್ತು,” ಎಂದೆ. ನರ್ಸು ಚಾರ್ಟ್ ನೋಡಿ, “ಎರಡು ಕಿಲೋ ನೂರ ಎಂಬತ್ತು,” ಎಂದಳು. ಹತ್ತು ಗ್ರಾಮು ವೈರಿನದು ಎಂದೆ. ಅವಳು ನಕ್ಕಳು, ಮಗು ಅಳು ನಿಲ್ಲಿಸಿತು. ಎರಡಕ್ಕೂ ಸಂಬಂಧವಿಲ್ಲ ಬಿಡು.

ಹನ್ನೊಂದೂಕಾಲಿಗೆ ಡಾಕ್ಟರು ಬಂದರು. ಉಸಿರಿನ ಎಣಿಕೆ ಎಪ್ಪತ್ತನಾಲ್ಕು. ಅರವತ್ತು ದಾಟಬಾರದು ಅನ್ನುವುದು ಅವರ ಲೆಕ್ಕ. ಪೆನ್ನಿನ ಕ್ಯಾಪು ಟಕ್ ಟಕ್ ಎಂದಿತು. “ಹೋದ ಸಲದ ಹಾಗೇ ಆಗ್ತಿದೆ. ಮಾಸ್ಕ್ ಹಾಕಿಬಿಡೋಣ,” ಎಂದರು. ನರ್ಸು ಮಾಸ್ಕ್ ಕೈಗೆತ್ತಿಕೊಂಡಳು.

“ಸಾರ್, ಒಂದ್ಸಲ ಇಲ್ಲಿ ನೋಡಿ,” ಎಂದಳು ತಂತಿ ಮೇಡಂ. ಅವಳ ದನಿ ಸಣ್ಣದು, ಆದರೆ ಕುರ್ಚಿಯಿಂದ ಎದ್ದು ನಿಂತಿದ್ದಳು. “ಹತ್ತೂವರೆಗೆ ನೂರ ಅರವತ್ತಿತ್ತು. ಈಗ ನೂರ ನಲವತ್ತು. ಉಸಿರು ಜೋರಾಗಿದೆ, ನಿಜ. ಆದರೆ ಒಂದೊಂದು ಉಸಿರಿನ ಶ್ರಮ ಏರ್ತಾ ಇಲ್ಲ ಸಾರ್, ಇಳೀತಾ ಇದೆ. ಸುಸ್ತಾಗೋ ಮಗು ಹೀಗೆ ಮಾಡಲ್ಲ ಅನ್ಸುತ್ತೆ. ನಾನು ಖಂಡಿತವಾಗಿ ಹೇಳೋಕಾಗಲ್ಲ. ಇನ್ನೊಂದು ಗಂಟೆ ಕೊಟ್ರೆ ಗೊತ್ತಾಗುತ್ತೆ.”

ಡಾಕ್ಟರು ಪರದೆ ನೋಡಿದರು, ಮಗುವಿನ ತುಟಿಯ ಬಣ್ಣ ನೋಡಿದರು, ಆಕ್ಸಿಜನ್ ಅಂಕಿ ನೋಡಿದರು. ಅದು ತೊಂಬತ್ತನಾಲ್ಕರಲ್ಲೇ ಇತ್ತು. ಆಮೇಲೆ ನನ್ನನ್ನು ನೋಡಿ, “ಮನೆಯವರು ಏನಂತೀರಿ?” ಎಂದರು.

ಎದೆಯ ಮೇಲೆ ಆ ಜೀವ ಏಳುತ್ತ ಬೀಳುತ್ತ ಇತ್ತು. “ಅವಳ ತಾಯಿನ ಕೇಳಿ ಡಾಕ್ಟರೇ,” ಎಂದೆ. “ಮನೇಲಿದ್ದಾಳೆ. ಅವಳನ್ನೇ ಕೇಳಿ.”

ನರ್ಸು ವಾರ್ಡಿನ ಫೋನು ತಂದು ಸ್ಪೀಕರಿಗೆ ಹಾಕಿದಳು. ಡಾಕ್ಟರು ಎಲ್ಲ ವಿವರಿಸಿದರು. ಆ ಕಡೆ ಒಂದೆರಡು ಸೀನು. ಆಮೇಲೆ ನಿನ್ನ ಹೆಂಡತಿಯ ಮೂಗು ಕಟ್ಟಿದ ದನಿ: “ಕಾಯೋಣ ಡಾಕ್ಟರೇ. ನೀವು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಇರಿ. ಒತ್ತಬೇಡಿ, ಅಷ್ಟೆ.”

ಡಾಕ್ಟರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು. ಒಂದು ಕುರ್ಚಿ ಎಳೆದುಕೊಂಡು ಅಲ್ಲೇ ಕೂತರು. ನಾವು ನಾಲ್ಕು ಜನ, ಆ ಗೆರೆಯನ್ನು ನೋಡುತ್ತ, ಬಸ್ ಬರುತ್ತದೋ ಇಲ್ಲವೋ ಎಂದು ನಿಲ್ದಾಣದಲ್ಲಿ ಕೂತವರ ಹಾಗೆ. ನನ್ನ ಎಡಗಾಲು ಜೋಮು ಹಿಡಿಯಿತು. ಶೌಚಕ್ಕೆ ಹೋಗಬೇಕೆನ್ನಿಸಿ ಒಂದು ಗಂಟೆಯಾಗಿತ್ತು, ನನ್ನ ವಯಸ್ಸಿನಲ್ಲಿ ಅದೇನೂ ಸಣ್ಣ ಮಾತಲ್ಲ. ಕದಲಲಿಲ್ಲ. ನೂರ ಮೂವತ್ತು. ನೂರ ಇಪ್ಪತ್ತೆಂಟು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು, ಮತ್ತೆ ನೂರ ಮೂವತ್ತೈದಕ್ಕೆ ಏರಿತು, ಆಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಮಧ್ಯಾಹ್ನ ಒಂದಕ್ಕೆ ನೂರ ಹದಿನೈದು. ಉಸಿರಿನ ಎಣಿಕೆಯೂ ಅರವತ್ತೆರಡಕ್ಕೆ ಬಂತು. ಮಗು ನಿದ್ದೆ ಮಾಡುತ್ತಿತ್ತು, ಬಾಯಿ ತೆರೆದುಕೊಂಡು, ಥೇಟ್ ನಿನ್ನ ಹಾಗೇ.

“ಎಣಿಕೆ ಒಂದನ್ನೇ ನೋಡಿದ್ರೆ ಇವತ್ತೂ ಮಾಸ್ಕ್ ಹಾಕಿಬಿಡ್ತಿದ್ದೆ,” ಎಂದು ಡಾಕ್ಟರು ಎದ್ದರು. ತಪ್ಪು ಒಪ್ಪಿಕೊಳ್ಳುವುದಕ್ಕೆ ಅದಕ್ಕಿಂತ ಉದ್ದದ ಮಾತು ಬೇಕಿರಲಿಲ್ಲ.

ನಾನು ತಂತಿ ಮೇಡಮ್ಮಿಗೆ, ಎದೆಯ ಮೇಲೆ ಮಲಗಿಸಿಕೊಂಡದ್ದರಿಂದ ಇಳಿಯಿತೇ ಎಂದು ಕೇಳಿದೆ. ಸ್ವಲ್ಪ ಆಸೆಯಿಂದಲೇ ಕೇಳಿದೆ ಅಂತಿಟ್ಟುಕೋ. “ಯಾರ ಎದೆಯಾದ್ರೂ ಬೆಚ್ಚಗಿದ್ರೆ ಮಗು ಸುಮ್ಮನಾಗುತ್ತೆ ಸಾರ್. ಒಂದು ಮಗು ನೋಡಿ ನಾನೇನೂ ಹೇಳೋಕಾಗಲ್ಲ,” ಎಂದಳು. ಒಂದು ಸುಳ್ಳು ಹೇಳಿದ್ದರೆ ಅವಳ ಗಂಟೇನೂ ಹೋಗುತ್ತಿರಲಿಲ್ಲ. ಆದರೂ ಹೇಳಲಿಲ್ಲ ನೋಡು. ಆ ಹೆಂಗಸಿನ ಮೇಲೆ ನನಗೆ ಗೌರವ ಬಂದುಬಿಟ್ಟಿತು.

ಆಮೇಲೆ ಇವತ್ತಿಗೆ ಒಂಬತ್ತು ದಿನ. ನಿನ್ನ ಹೆಂಡತಿಯ ಜ್ವರ ನಾಲ್ಕು ದಿನಕ್ಕೆ ಬಿಟ್ಟಿತು. ಈಗ ಬೆಳಗಿನಿಂದ ಸಂಜೆಯವರೆಗೂ ಅಲ್ಲೇ ಇರುತ್ತಾಳೆ. ಮಧ್ಯಾಹ್ನ ಎರಡು ಗಂಟೆ ಮಾತ್ರ ನನ್ನ ಪಾಳಿ. ನೆಪ ಹೇಳುವುದನ್ನು ಬಿಟ್ಟಿದ್ದೇನೆ.

ನಿನ್ನ ಅಪ್ಪ


ಮಾರ್ಚ್ 20, ಗುರುವಾರ

ಪ್ರೀತಿಯ ಮಗನಿಗೆ, ಮನೆಯ ಮೂವರ ಕಡೆಯಿಂದಲೂ.

ಮೂವರು ಎಂದು ಬರೆದು ಒಂದು ನಿಮಿಷ ಪೆನ್ನು ಹಿಡಿದುಕೊಂಡು ನಿಂತಿದ್ದೆ. ಸೋಮವಾರ ಮುಕ್ಕಾಲಮ್ಮನನ್ನು ಮನೆಗೆ ಕರೆತಂದೆವು. ಆ ದಿನವೇ ನಿನ್ನ ಹೆಂಡತಿ ಹಡಗಿನ ಕಂಪನಿಯ ಆಫೀಸಿಗೆ ಸುದ್ದಿ ಮುಟ್ಟಿಸಿದ್ದಾಳೆ, ನಿನಗೆ ತಲುಪಿರಬಹುದು. ನನ್ನ ಕಾಗದ ಮೂರು ದಿನ ತಡ, ಕಾರಣ ಮನೆಯಲ್ಲಿ ಬರೆಯಲು ಜಾಗವೇ ಇಲ್ಲ. ಊಟದ ಮೇಜಿನ ತುಂಬ ಬಾಟಲಿ, ಹತ್ತಿ, ಔಷಧಿ. ಈಗ ಅಡುಗೆಮನೆಯ ಕಟ್ಟೆಯ ಮೇಲೆ ಕಾಗದ ಇಟ್ಟು ನಿಂತುಕೊಂಡೇ ಬರೆಯುತ್ತಿದ್ದೇನೆ.

ತೂಕ ಮೂರು ಕಿಲೋ ಮೂವತ್ತು. ಮೂಗಿನಲ್ಲಿ ಇನ್ನೂ ಕೂದಲೆಳೆಯಂಥ ಆಕ್ಸಿಜನ್ ನಳಿಗೆ ಇದೆ. ಅದು ಕೆಲವು ತಿಂಗಳು ಇರಬೇಕಂತೆ. ಹಾಲ್‌ನ ಮೂಲೆಯಲ್ಲಿ ಆಕ್ಸಿಜನ್ ಯಂತ್ರ ಗುರ್ ಎನ್ನುತ್ತಿರುತ್ತದೆ. ನಿನ್ನ ಇಂಜಿನ್ ರೂಮಿನ ಹಾಗೇ ಕೇಳಿಸುತ್ತದೆ ಎಂದು ನಿನ್ನ ಹೆಂಡತಿ ಅನ್ನುತ್ತಾಳೆ, ಅವಳೇನು ಅದನ್ನು ಕೇಳಿದ್ದಾಳೋ ಏನೋ. ಡಾಕ್ಟರು ಕಳಿಸುವಾಗ ಹೇಳಿದ ಮಾತು ನಿನಗೂ ತಿಳಿದಿರಲಿ: ಶ್ವಾಸಕೋಶ ಪೂರ್ತಿ ಗಟ್ಟಿಯಾಗಲು ಎರಡು ವರ್ಷವಾದರೂ ಬೇಕು, ಮೊದಲ ಚಳಿಗಾಲದಲ್ಲಿ ನೆಗಡಿ ಬಂದರೂ ಆಸ್ಪತ್ರೆಗೆ ಓಡಬೇಕಾಗಬಹುದು. ಆದರೆ ಕತ್ತಿನ ರಂಧ್ರದ ಮಾತು ಇನ್ನಿಲ್ಲ. ಅದನ್ನು ಅವರು ಎರಡು ಸಲ ಹೇಳಿದರು, ನಾನು ಕಿವಿ ಮಂದವಾದವನ ಹಾಗೆ ಮೂರನೇ ಸಲವೂ ಕೇಳಿದೆ.

ಹೊರಡುವ ಮುನ್ನ ತಂತಿ ಮೇಡಂ ಕಡೆಯದಾಗಿ ಇನ್ನೊಂದು ಸಲ ಅಳೆದಳು. ಈ ಸಲ ಸ್ಟಿಕ್ಕರ್ ಹೊಸವು, ಹಳೆಯ ಅಂಕಿಗೆ ಹೋಲಿಸುವ ಹಾಗಿಲ್ಲ ಎಂದು ನಾನೇ ಮುಂಚಿತವಾಗಿ ಹೇಳಿದೆ. “ಸಾರ್ ಪಾಠ ಕಲಿತರು,” ಎಂದಳು. ಅವಳ ಅಧ್ಯಯನಕ್ಕೆ ನಲವತ್ತು ಮಕ್ಕಳು ಬೇಕಂತೆ, ನಮ್ಮವಳು ಹತ್ತೊಂಬತ್ತನೆಯವಳು. ಮಿಕ್ಕ ಇಪ್ಪತ್ತೊಂದು ಮನೆಯವರೂ ಪೆನ್ನು ಕೇಳಲಿ ಎಂದು ಹಾರೈಸಿ ಬಂದೆ.

ಮನೆಗೆ ಬಂದ ಮೊದಲ ದಿನ ಅಳುತ್ತಿದ್ದಾಳೆಯೇ ಎಂದು ನೋಡುವುದು, ಅಳುತ್ತಿಲ್ಲವಲ್ಲ ಎಂದು ನೋಡುವುದು, ಇದೇ ನಮ್ಮ ಕೆಲಸ. ಹತ್ತು ನಿಮಿಷಕ್ಕೊಮ್ಮೆ ಇಬ್ಬರೂ ಒಟ್ಟಿಗೇ ತೊಟ್ಟಿಲ ಬಳಿ ಹೋಗಿ ತಲೆಗೆ ತಲೆ ಡಿಕ್ಕಿ ಹೊಡೆದೆವು. ಕಡೆಗೆ ನಿನ್ನ ಹೆಂಡತಿ, “ಮಾವ, ಒಬ್ಬೊಬ್ಬರೇ ಹೆದರೋಣ. ಸರದಿ ಮೇಲೆ,” ಎಂದಳು. ನಿನ್ನೆಯಿಂದ ಹಾಗೇ ಮಾಡುತ್ತಿದ್ದೇವೆ. ನಿನ್ನೆ ಮಧ್ಯಾಹ್ನ ನನ್ನ ಸರದಿಯಲ್ಲಿ ನಾನು ಹೆದರುವುದನ್ನು ಮರೆತು ನಿದ್ದೆ ಹೋಗಿದ್ದೆ. ಎದ್ದಾಗ ಮುಕ್ಕಾಲಮ್ಮ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು, ಏದುಸಿರಿಲ್ಲ, ಏನಿಲ್ಲ, ಸುಮ್ಮನೆ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದಲೋ. ಮಗು ಎಚ್ಚರವಾಗಿದ್ದೂ ಯಾರನ್ನೂ ಕರೆಯದೆ ಆರಾಮವಾಗಿ ಉಸಿರಾಡಿಕೊಂಡು ಮಲಗಿದೆ ಎಂಬುದೇ ಎಷ್ಟು ದೊಡ್ಡ ಸುದ್ದಿ ಎಂದು ನಿನಗೆ ಈಗ ಅರ್ಥವಾಗಲಿಕ್ಕಿಲ್ಲ. ಬಂದ ಮೇಲೆ ಆಗುತ್ತದೆ.

ಮುಂದಿನ ತಿಂಗಳ ಹತ್ತಕ್ಕೆ ನಿನ್ನ ಬದಲಿಯವನು ಬರುವುದು ಖಚಿತವಾಯಿತೆಂದು ಬರೆದಿದ್ದೀ. ಸಂತೋಷ. ಬಾಗಿಲಲ್ಲೇ ಸೋಪು ನೀರು ಇಟ್ಟಿರುತ್ತೇವೆ. ಕೈ ತೊಳೆದು, ಅಂಗಿ ಬದಲಿಸಿ, ಆಮೇಲೆ ಮಗಳು. ಹೆಸರು ಯೋಚಿಸಿಕೊಂಡು ಬಾ. ನಿನಗೆ ಆಯುಷ್ಯ ಆರೋಗ್ಯ ಹೆಚ್ಚಲಿ, ಸಮುದ್ರ ನಿನ್ನನ್ನು ಜೋಪಾನವಾಗಿ ಕಳಿಸಿಕೊಡಲಿ.

ನಿನ್ನ ಅಪ್ಪ

ಮತ್ತೆ: ಇದನ್ನು ಬರೆಯದೆ ಲಕೋಟೆ ಅಂಟಿಸಿದ್ದೆ. ಬಿಚ್ಚಿ ಬರೆಯುತ್ತಿದ್ದೇನೆ.

ಮಗು ಹುಟ್ಟಿದ ಮೂರನೆಯ ದಿನ ಅದರ ಶ್ವಾಸಕೋಶದಲ್ಲಿ ರಕ್ತ ಕಾಣಿಸಿಕೊಂಡಿತು. ಎರಡು ದಿನದಿಂದ ನಿನ್ನ ಹಡಗಿಗೆ ಫೋನು ಹೋಗುತ್ತಿರಲಿಲ್ಲ. ಇದೇ ಡಾಕ್ಟರು ಕಾರಿಡಾರಿಗೆ ಬಂದು, ಉಳಿಯುವುದು ಕಷ್ಟ, ಉಳಿದರೂ ಹೇಗೆ ಉಳಿಯುತ್ತದೋ ಹೇಳಲಾಗದು, ಎಲ್ಲಿಯವರೆಗೆ ಪ್ರಯತ್ನ ಮಾಡೋಣ, ಮನೆಯವರು ಏನಂತೀರಿ ಎಂದು ಕೇಳಿದರು. ನಾನು ನಿನ್ನನ್ನು ಕೇಳಲಿಲ್ಲ, ಅವಳನ್ನು ಕೇಳಲಿಲ್ಲ. “ಸಾಕು ಡಾಕ್ಟರೇ. ಹಿಂಸೆ ಕೊಡಬೇಡಿ, ಬಿಟ್ಟುಬಿಡಿ. ಇನ್ನೂ ಚಿಕ್ಕ ವಯಸ್ಸು ಅವರಿಗೆ, ಇನ್ನೊಂದಾಗುತ್ತೆ,” ಎಂದುಬಿಟ್ಟೆ. ತಿರುಗಿ ನೋಡಿದರೆ ನನ್ನ ಬೆನ್ನ ಹಿಂದೆಯೇ ನಿನ್ನ ಹೆಂಡತಿ, ವೀಲ್‌ಚೇರಿನಲ್ಲಿ. “ತಾಯಿ ನಾನು. ನನ್ನ ಕೇಳಿ ಡಾಕ್ಟರೇ,” ಎಂದಳು. ನಾನಾಡಿದ ಆ ಮಾತನ್ನು ಅವಳು ನನಗೆ ಇವತ್ತಿನವರೆಗೂ ಎತ್ತಿ ಆಡಿಲ್ಲ. ದಿನಾ ನನ್ನ ತಟ್ಟೆಗೆ ಬಡಿಸಿದ್ದಾಳೆ, ನನ್ನ ಮಾತ್ರೆ ನೆನಪು ಮಾಡಿದ್ದಾಳೆ. ನನಗೇ ಆ ಮಗುವನ್ನು ಮುಟ್ಟುವ ಮುಖ ಇರಲಿಲ್ಲ.

ಇವತ್ತು ಬೆಳಿಗ್ಗೆ ಅವಳಿಗೆ ಹೇಳಿದೆ, ಇದನ್ನು ನಿನಗೆ ಬರೆಯುತ್ತೇನೆಂದು. “ಬರೀರಿ ಮಾವ,” ಎಂದಳು. ಬಾಟಲಿಗಳನ್ನು ತೊಳೆಯಲು ಎತ್ತಿಕೊಂಡು ಹೇಳಿದಳು: “ಅವತ್ತು ವೀಲ್‌ಚೇರಲ್ಲಿ ಬರ್ತಾ ದಾರಿ ಉದ್ದಕ್ಕೂ ನಾನೂ ಅದನ್ನೇ ಹೇಳಬೇಕು ಅಂದ್ಕೊಂಡೇ ಬಂದಿದ್ದೆ. ನಿಮ್ಮ ಬಾಯಲ್ಲಿ ಕೇಳಿದ ಮೇಲೆ ನನ್ನ ಕೈಲಿ ಹೇಳೋಕಾಗಲಿಲ್ಲ. ಇದನ್ನೂ ಬರೀರಿ.”

ಬರೆದಿದ್ದೇನೆ. ಅದು ನಿಜವೋ, ನನ್ನ ಭಾರ ಇಳಿಸಲು ಆಡಿದ ಮಾತೋ ನನಗೆ ಗೊತ್ತಾಗಲಿಲ್ಲ. ಮುಖ ನೋಡಿ ತಿಳಿಯೋಣವೆಂದರೆ ಅವಳು ನನಗೆ ಬೆನ್ನು ಹಾಕಿ ಬಾಟಲಿ ತೊಳೆಯುತ್ತಿದ್ದಳು. ನೀನು ಬಂದ ಮೇಲೆ ಅವಳನ್ನು ಇದರ ಬಗ್ಗೆ ಏನೂ ಕೇಳಬೇಡ. ನನ್ನನ್ನು ಕೇಳು, ಎಷ್ಟು ಬೇಕಾದರೂ.